ಸ್ಕ್ರೀನು ಕಪ್ಪಾದರೆ ಫೈಲು ಹೋಯಿತೆಂದಲ್ಲ: ಮನೆಯ ಕಂಪ್ಯೂಟರಿನ ಅಪ್‌ಡೇಟ್ ಚರಿತ್ರೆ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಬಿಳೇಕಹಳ್ಳಿ ಹೆಸರಿನಲ್ಲಿ ಇನ್ನೂ ಹಳ್ಳಿಯೇ. ಜಮೀನಿನ ಹಳೇ ಕಾಗದಗಳಲ್ಲಿ ಅದು ಬೇಗೂರು ಹೋಬಳಿಯ ಒಂದು ಗ್ರಾಮ. 1973ರಲ್ಲಿ ಶುರುವಾದ ಐಐಎಂ ಸಂಸ್ಥೆಯ ಕಲ್ಲುಗೋಡೆಯ ಕ್ಯಾಂಪಸ್ ಇಲ್ಲೇ ಇದೆ. ಅದರ ಸುತ್ತ ಈಗ ಅಪಾರ್ಟ್‌ಮೆಂಟು, ಪಿ.ಜಿ., ಆಫೀಸು. ನಮ್ಮ ಜಿಲ್ಲೆಗಳಿಂದ ಕೆಲಸಕ್ಕೆ ಬಂದ ಎಷ್ಟೋ ಹುಡುಗ ಹುಡುಗಿಯರು ಬಾಡಿಗೆಗೆ ಇರುವುದು ಇಂಥ ಕಡೆ.

ಇವರು ಊರಿಗೆ ಹೋಗುವಾಗ ಸಿಹಿತಿಂಡಿ, ಬಟ್ಟೆಯ ಜೊತೆಗೆ ಇನ್ನೊಂದು ಸಾಮಾನನ್ನೂ ಒಯ್ಯುತ್ತಾರೆ: ಹಳೇ ಕಂಪ್ಯೂಟರು. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬರುತ್ತವೆ. ಅಲ್ಲಿಂದ ಅಗ್ಗಕ್ಕೆ ಕೊಂಡದ್ದು ಊರ ಮನೆ ಸೇರುತ್ತದೆ. ತಂಗಿಯ ಕಾಲೇಜು ಪ್ರಾಜೆಕ್ಟು, ಅಪ್ಪನ ಸಾಲದ ಲೆಕ್ಕ, ಸ್ತ್ರೀಶಕ್ತಿ ಸಂಘದ ಪಟ್ಟಿ, ಅಜ್ಜಿಯ ಫೋಟೋ ಎಲ್ಲ ಅದರಲ್ಲೇ.

ಒಂದು ದಿನ ಅದು ತಾನಾಗಿಯೇ ಅಪ್‌ಡೇಟ್ ಶುರು ಮಾಡುತ್ತದೆ. ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಹಚ್ಚಿದರೆ ನೀಲಿ ಸ್ಕ್ರೀನು, ಇಲ್ಲವೇ ಕಪ್ಪು ಸ್ಕ್ರೀನು. ಮನೆಯವರು ಗಾಬರಿಯಾಗಿ ಪೇಟೆಯ ಅಂಗಡಿಗೆ ಒಯ್ಯುತ್ತಾರೆ. 'ಫಾರ್ಮ್ಯಾಟ್ ಮಾಡಬೇಕು' ಅನ್ನುತ್ತಾರೆ. ಸಂಜೆಗೆ ಕಂಪ್ಯೂಟರು ಹೊಸದರಂತೆ ನಡೆಯುತ್ತದೆ. ಒಳಗಿದ್ದದ್ದು ಏನೂ ಇರುವುದಿಲ್ಲ.

ಅಪ್‌ಡೇಟುಗಳ ಮೂವತ್ತು ವರ್ಷದ ಚರಿತ್ರೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅಪ್‌ಡೇಟ್ ಕೆಟ್ಟಾಗ ಸಾಮಾನ್ಯವಾಗಿ ಕೆಡುವುದು ಯಂತ್ರವನ್ನು ಎಬ್ಬಿಸುವ ವ್ಯವಸ್ಥೆ. ನಮ್ಮ ಫೈಲುಗಳು ಡಿಸ್ಕಿನಲ್ಲಿ ಇದ್ದ ಜಾಗದಲ್ಲೇ ಇರುತ್ತವೆ. ಅವನ್ನು ನಿಜಕ್ಕೂ ಕಳೆಯುವುದು ಬಹಳ ಸಲ ಆಮೇಲೆ ನಮ್ಮ ಆತುರ.

ಅಪ್‌ಡೇಟೇ ಇಲ್ಲದ ಕಾಲ

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಸಿ.ಡಿ. ಡ್ರೈವ್ ಇಲ್ಲದವರಿಗೆ ಅದು 13 ಫ್ಲಾಪಿಗಳಲ್ಲಿ ಸಿಗುತ್ತಿತ್ತು. ಒಂದೊಂದಾಗಿ ಹಾಕಿ, ತೆಗೆದು, ಮುಂದಿನದನ್ನು ಹಾಕಬೇಕು. ಹನ್ನೆರಡನೆಯ ಫ್ಲಾಪಿ ಕೆಟ್ಟಿದ್ದರೆ ಅಲ್ಲಿಗೆ ನಿಂತಿತು. ಅದೇ ತಿಂಗಳ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದಿತ್ತಾದರೂ ಮನೆಮನೆಗೆ ತಲುಪಲು ಇನ್ನೂ ವರ್ಷಗಳು ಬೇಕಿದ್ದವು. ಒಮ್ಮೆ ಹಾಕಿದ ವಿಂಡೋಸ್ ಕಂಪ್ಯೂಟರು ಹಳತಾಗುವ ತನಕ ಹಾಗೇ ಇರುತ್ತಿತ್ತು.

1998ರ ವಿಂಡೋಸ್ 98ರ ಜೊತೆ 'ವಿಂಡೋಸ್ ಅಪ್‌ಡೇಟ್' ಎಂಬುದು ಬಂತು. ಬೇಕೆಂದವರು ತಾವೇ ಹೋಗಿ ತಿದ್ದುಪಡಿಗಳನ್ನು ಇಳಿಸಿಕೊಳ್ಳಬಹುದಿತ್ತು. 2000ದಲ್ಲಿ ಬಂದ ವಿಂಡೋಸ್ ಮಿಲೆನಿಯಂ ಜನರ ಮೆಚ್ಚುಗೆ ಪಡೆಯಲಿಲ್ಲ. ಆದರೆ ಈ ಕಥೆಗೆ ಬೇಕಾದ ಎರಡು ವಿಷಯಗಳು ಅದರಲ್ಲೇ ಮೊದಲು ಕಂಡವು. ಒಂದು, ಅಪ್‌ಡೇಟುಗಳನ್ನು ತಾನಾಗಿ ತರಿಸಿಕೊಳ್ಳುವ ಏರ್ಪಾಡು. ಇನ್ನೊಂದು 'ಸಿಸ್ಟಂ ರಿಸ್ಟೋರ್', ಅಂದರೆ ಕೆಟ್ಟರೆ ನಿನ್ನೆಯ ಸ್ಥಿತಿಗೆ ಹಿಂತಿರುಗುವ ದಾರಿ. ತಾನಾಗಿ ಬರುವ ಅಪ್‌ಡೇಟು ತಾನಾಗಿ ಕೆಡಲೂಬಹುದು ಎಂದು ಮಾಡಿದವರಿಗೇ ಗೊತ್ತಿತ್ತು.

2003ರ ಆಗಸ್ಟ್

ಅಪ್‌ಡೇಟ್ ಯಾಕೆ ಬೇಕು ಅನ್ನುವುದು ಜಗತ್ತಿಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. 2003ರ ಜುಲೈ 16ರಂದು ಮೈಕ್ರೋಸಾಫ್ಟ್ ಒಂದು ತಿದ್ದುಪಡಿ ಬಿಟ್ಟಿತು. ಬಹಳ ಜನ ಹಾಕಿಕೊಳ್ಳಲಿಲ್ಲ. ಒಂದು ತಿಂಗಳೂ ಆಗಲಿಲ್ಲ, ಆಗಸ್ಟ್ 11ರಂದು ಅದೇ ಬಿರುಕಿನಿಂದ 'ಬ್ಲಾಸ್ಟರ್' ಎಂಬ ಹುಳು ನುಗ್ಗಿತು. ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ, ಇಂಟರ್ನೆಟ್ಟಿಗೆ ಜೋಡಿಸಿದರೆ ಸಾಕಿತ್ತು. 60 ಸೆಕೆಂಡಿನಲ್ಲಿ ಕಂಪ್ಯೂಟರು ಮುಚ್ಚುತ್ತದೆ ಎಂಬ ಪೆಟ್ಟಿಗೆ ತೆರೆದು ಎಣಿಕೆ ಶುರುವಾಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅದೇ.

ಆ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತಿದ್ದುಪಡಿಗಳಿಗೆ ದಿನ ಗೊತ್ತು ಮಾಡಿತು: ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಬೆಳಿಗ್ಗೆ ನಮಗೆ ರಾತ್ರಿ. ಹಾಗಾಗಿ ನಮ್ಮ ಕಂಪ್ಯೂಟರುಗಳು ಬುಧವಾರದಿಂದ ಅಪ್‌ಡೇಟ್ ಕೇಳಲು ಶುರು ಮಾಡುತ್ತವೆ. ಇವತ್ತಿಗೂ ಇದೇ ಲೆಕ್ಕ.

2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ 'ಸರ್ವಿಸ್ ಪ್ಯಾಕ್ 2' ಎಂಬ ದೊಡ್ಡ ತಿದ್ದುಪಡಿ ಬಂತು. ಅದರ ಪೂರ್ತಿ ಗಾತ್ರ ಸುಮಾರು 266 ಎಂ.ಬಿ. ಇವತ್ತು ಫೋನಿನಲ್ಲಿ ನಾವು ನೋಡುವ ಅರ್ಧ ಸಿನಿಮಾದಷ್ಟೂ ಇಲ್ಲ. ಆದರೆ ಅಂದಿನ ಟೆಲಿಫೋನ್ ತಂತಿಯ 56 ಕೆ.ಬಿ.ಪಿ.ಎಸ್. ಇಂಟರ್ನೆಟ್ಟಿನಲ್ಲಿ ಅದಕ್ಕೆ ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಮನೆಯ ಫೋನೂ ಬಂದ್, ಬಿಲ್ಲೂ ಏರುತ್ತದೆ. ಅದಕ್ಕೇ ಜನ ಸಿ.ಡಿ.ಗಾಗಿ ಕಾಯುತ್ತಿದ್ದರು. ಅಪ್‌ಡೇಟ್ ಅಂದರೆ ಹಿಂಜರಿಯುವ ನಮ್ಮ ಗುಣಕ್ಕೆ ಸೋಮಾರಿತನವಷ್ಟೇ ಕಾರಣವಲ್ಲ, ಕರೆಂಟು, ತಂತಿ, ದುಡ್ಡೂ ಕಾರಣ.

ಕನ್ನಡ ಅಕ್ಷರ ಮಾಯವಾದ ಕಥೆ

ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಅಧ್ಯಾಯವೂ ಇದೆ.

ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಮೊದಮೊದಲು ಆ ಸಂಖ್ಯೆಗಳನ್ನು ಗೊತ್ತು ಮಾಡಿದ್ದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಕೆ.ಪಿ. ರಾವ್ ಅವರಂಥವರು ಕೀಲಿಮಣೆಯ ವಿನ್ಯಾಸ ಮಾಡಿ, 'ಸೇಡಿಯಾಪು' ತಂತ್ರಾಂಶ ಕಟ್ಟಿ ಕನ್ನಡಕ್ಕೆ ದಾರಿ ತೋರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಂದ ಹಿಡಿದು ಊರ ಪ್ರಿಂಟಿಂಗ್ ಪ್ರೆಸ್ಸಿನ ತನಕ ಹರಡಿತು. ಪತ್ರಿಕೋದ್ಯಮ ಓದಿದ ನಾವೂ ಸುದ್ದಿ ಬರೆಯಲು ಕಲಿತದ್ದು ನುಡಿಯಲ್ಲೇ.

ಅಂದಿನ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರದ ಸಂಖ್ಯೆಯ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ನುಡಿಯಲ್ಲಿ ನೀವು 'ಕ' ಬರೆದರೆ ಕಂಪ್ಯೂಟರು ಉಳಿಸಿಕೊಳ್ಳುವುದು ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಸೊಟ್ಟ ಗೀಟಿರುವ 'ಎ'. ನುಡಿ ಫಾಂಟು ಇರುವ ತನಕ ಅದು 'ಕ' ಎಂದೇ ಕಾಣುತ್ತದೆ. ಫಾಂಟು ಇಲ್ಲದಿದ್ದರೆ ವಿಚಿತ್ರ ಗೀಟುಗಳ ಸಾಲು.

ಇತ್ತ 1991ರಲ್ಲೇ ಬಂದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳು ಸಿಕ್ಕಿದ್ದವು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟಿನ ಜೊತೆ ಬಂತು. ಆದರೂ ಕನ್ನಡ ಸರಿಯಾಗಿ ಕಾಣಲು ಸೆಟ್ಟಿಂಗಿನ ಒಳಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ಬಹಳ ಸಲ ವಿಂಡೋಸ್ ಸಿ.ಡಿ.ಯನ್ನೂ ಹಾಕಬೇಕಿತ್ತು. 2007ರ ವಿಸ್ತಾದಿಂದ ಈಚೆಗೆ ಆ ತಾಪತ್ರಯ ತಪ್ಪಿತು.

ಹೀಗೆ ಹೊಸ ವಿಂಡೋಸ್ ಯೂನಿಕೋಡ್ ಕನ್ನಡವನ್ನು ತಾನೇ ತೋರಿಸುತ್ತದೆ. ನಮ್ಮ ಹಳೇ ಫೈಲುಗಳು ಮಾತ್ರ ಹಳೇ ಸಂಖ್ಯೆಯಲ್ಲೇ ಇವೆ. ವಿಂಡೋಸನ್ನು ಹೊಸದಾಗಿ ಹಾಕಿದ ಮಾರನೇ ದಿನ ಸಂಘದ ನಡಾವಳಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಗೀಟುಗಳು. ವೈರಸ್ ಹೊಕ್ಕಿದೆ, ಫೈಲು ಹಾಳಾಗಿದೆ ಎಂದು ಅಳಿಸಿಬಿಡಲು ಕೈ ಹೋಗುತ್ತದೆ. ಅಲ್ಲಿ ಹಾಳಾದದ್ದು ಏನೂ ಇಲ್ಲ. ನುಡಿಯನ್ನೋ ಬರಹವನ್ನೋ ಮತ್ತೆ ಹಾಕಿ, ಬರಹವನ್ನೆಲ್ಲ ಆಯ್ದು, ಆ ಫಾಂಟು ಕೊಟ್ಟರೆ ಅಷ್ಟೂ ಅಕ್ಷರ ಮರಳುತ್ತದೆ. ಪುಕ್ಕಟೆ ಸಿಗುವ ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಿಟ್ಟರೆ ಮುಂದೆ ಫೋನಿನಲ್ಲೂ ಓದಬಹುದು. ಕಂಪ್ಯೂಟರಿನಲ್ಲಿ ಬರೆದದ್ದನ್ನು ವಾಟ್ಸಾಪಿಗೆ ಅಂಟಿಸಿದಾಗ ಗೀಟುಗಳು ಕಂಡ ಅನುಭವ ನಿಮಗಿದ್ದರೆ ಅದೂ ಇದೇ ಕಥೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ.

ಅಪ್‌ಡೇಟ್ ಕೆಡುವುದು ಹೇಗೆ?

ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಲಾಗುವುದಿಲ್ಲ. ಹಾಗೇ, ನಡೆಯುತ್ತಿರುವ ವಿಂಡೋಸಿನ ಕೆಲವು ಮುಖ್ಯ ಫೈಲುಗಳನ್ನು ಬದಲಿಸಲಾಗುವುದಿಲ್ಲ. ಅದಕ್ಕೇ ಕಂಪ್ಯೂಟರು ಹೊಸ ಫೈಲುಗಳನ್ನು ಪಕ್ಕಕ್ಕೆ ಇಟ್ಟುಕೊಂಡು, ಮುಚ್ಚಿ ತೆರೆಯುವ ಹೊತ್ತಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ಶೇಕಡಾ ಇಷ್ಟು ಆಯಿತು, ಆಫ್ ಮಾಡಬೇಡಿ ಎಂದು ತೋರಿಸುವುದು ಆಗಲೇ.

ಆ ಹೊತ್ತಿನಲ್ಲಿ ಕರೆಂಟು ಹೋದರೆ ಅರ್ಧ ಹಳೆಯದು, ಅರ್ಧ ಹೊಸದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಅದೂ ಡೆಸ್ಕ್‌ಟಾಪಿನ ಲೆಕ್ಕವೇ.

ಎರಡನೇ ಕಾರಣ, ಜಾಗ ಸಾಲದಿರುವುದು. ಇದಕ್ಕೆ ಒಳ್ಳೆಯ ಉದಾಹರಣೆ 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ 'ಕೆಬಿ 5034441' ಎಂಬ ಅಪ್‌ಡೇಟು. ವಿಂಡೋಸ್ ಕೆಟ್ಟಾಗ ದುರಸ್ತಿ ಮಾಡಲೆಂದು ಡಿಸ್ಕಿನಲ್ಲಿ ಕಣ್ಣಿಗೆ ಕಾಣದ ಒಂದು ಸಣ್ಣ ಭಾಗವಿರುತ್ತದೆ. ಈ ಅಪ್‌ಡೇಟಿಗೆ ಆ ಭಾಗದಲ್ಲಿ 250 ಎಂ.ಬಿ. ಖಾಲಿ ಬೇಕಿತ್ತು. ಎಷ್ಟೋ ಮನೆ ಕಂಪ್ಯೂಟರುಗಳಲ್ಲಿ ಅದು ಇರಲಿಲ್ಲ. 'ಸಿ' ಡ್ರೈವಿನಲ್ಲಿ ನೂರು ಜಿ.ಬಿ. ಖಾಲಿ ಇದ್ದರೂ ಅಪ್‌ಡೇಟ್ ಸೋಲುತ್ತಿತ್ತು, ಅರ್ಥವಾಗದ ಒಂದು ಎರರ್ ಸಂಖ್ಯೆ ಕಾಣುತ್ತಿತ್ತು. ಬಳಸುವವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಫಾರ್ಮ್ಯಾಟಿನ ಅಗತ್ಯವೂ ಇರಲಿಲ್ಲ, ಕಂಪ್ಯೂಟರು ಎಂದಿನಂತೆ ನಡೆಯುತ್ತಲೇ ಇತ್ತು.

ಒಮ್ಮೆ ಫೈಲೇ ಹೋಯಿತು

ನಾವು ಹೇಳಿದ ಮಾತಿಗೆ ಒಂದು ದೊಡ್ಡ ಅಪವಾದವಿದೆ. ಅದನ್ನು ಮುಚ್ಚಿಡಬಾರದು.

2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ಕೆಲವರ ಡಾಕ್ಯುಮೆಂಟ್ಸ್, ಫೋಟೋ ಫೋಲ್ಡರುಗಳು ಖಾಲಿಯಾದವು. ನಾಲ್ಕೇ ದಿನದಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಸರಿಪಡಿಸಿ ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ.

ಆದದ್ದು ಇಷ್ಟು. ಕೆಲವರು ಡಾಕ್ಯುಮೆಂಟ್ಸ್ ಫೋಲ್ಡರನ್ನು 'ಸಿ'ಯಿಂದ 'ಡಿ' ಡ್ರೈವಿಗೋ ಬೇರೆ ಜಾಗಕ್ಕೋ ತಿರುಗಿಸಿಕೊಂಡಿದ್ದರು. ಹಳೇ ಜಾಗದಲ್ಲಿ ಇನ್ನೂ ಕೆಲವು ಫೈಲುಗಳು ಉಳಿದಿದ್ದವು. ಅಪ್‌ಡೇಟ್ ಆ ಹಳೇ ಫೋಲ್ಡರು ಇನ್ನು ಬೇಡವೆಂದು ತಿಳಿದು ಒಳಗಿದ್ದದ್ದರ ಸಮೇತ ಅಳಿಸಿತು. ಹೀಗೆ ದೂರಿದವರು ತೀರಾ ಕಡಿಮೆ, ಹತ್ತು ಸಾವಿರಕ್ಕೆ ಒಬ್ಬರು ಎಂದು ಕಂಪನಿ ಹೇಳಿತು. ಕಳೆದುಕೊಂಡ ಆ ಒಬ್ಬರಿಗೆ ಆ ಲೆಕ್ಕದಿಂದ ಸಮಾಧಾನವಿಲ್ಲ. ಇಂಥ ಸಲಕ್ಕೇ ಇನ್ನೊಂದು ಪ್ರತಿ ಬೇಕು. ಪೆನ್‌ಡ್ರೈವಿನಲ್ಲೋ, ಹೊರಗಿನ ಡಿಸ್ಕಿನಲ್ಲೋ, ಗೂಗಲ್ ಡ್ರೈವಿನಲ್ಲೋ ಇರಲಿ. 'ಡಿ' ಡ್ರೈವಿನಲ್ಲಿ ಇಟ್ಟದ್ದು ಇನ್ನೊಂದು ಪ್ರತಿಯಲ್ಲ. ಬಹಳಷ್ಟು ಮನೆಗಳಲ್ಲಿ 'ಸಿ', 'ಡಿ' ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು.

2024ರ ಜುಲೈ 19

ಆ ದಿನ ಶುಕ್ರವಾರ. ಬೆಳಿಗ್ಗೆ ಸುಮಾರು 9.40ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಅಪ್‌ಡೇಟ್ ಕಳುಹಿಸಿತು. ಇದು ವಿಂಡೋಸಿನ ಸ್ವಂತ ಅಪ್‌ಡೇಟ್ ಅಲ್ಲ, ಆದರೆ ವಿಂಡೋಸಿನ ಬುಡದಲ್ಲಿ ಕೂತು ಕೆಲಸ ಮಾಡುವ ತಂತ್ರಾಂಶದ್ದು. ಅದರಲ್ಲೊಂದು ಫೈಲು ತಪ್ಪಿತ್ತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಸ್ಕ್ರೀನಿಗೆ ಬಿದ್ದವು. ಬ್ಯಾಂಕು, ಆಸ್ಪತ್ರೆ, ವಿಮಾನ ಎಲ್ಲಕ್ಕೂ ತಟ್ಟಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ನಿಂತರು.

ಕಂಪನಿ ಒಂದೂಕಾಲು ಗಂಟೆಯಲ್ಲಿ ತಪ್ಪು ಫೈಲನ್ನು ಹಿಂತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಬಿದ್ದಿದ್ದ ಕಂಪ್ಯೂಟರುಗಳು ಏಳಲೇ ಆಗದೆ ಸರಿಯಾದ ಫೈಲನ್ನು ಪಡೆಯುವಂತಿರಲಿಲ್ಲ. ಎಷ್ಟೋ ಕಡೆ ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂತು, 'ಸೇಫ್ ಮೋಡ್'ನಲ್ಲಿ ತೆರೆದು, ಒಂದೇ ಒಂದು ಫೈಲನ್ನು ಅಳಿಸಿ, ಮತ್ತೆ ಹಚ್ಚಬೇಕಾಯಿತು. ಹಾಗೆ ಮಾಡಿದರೆ ಒಳಗಿದ್ದದ್ದೆಲ್ಲ ಇದ್ದಂತೇ ಇತ್ತು.

ಅಂದು ಕೆಲವರನ್ನು ಇನ್ನೊಂದು ಬೀಗ ತಡೆಯಿತು. ಡಿಸ್ಕಿಗೆ 'ಬಿಟ್‌ಲಾಕರ್' ಎಂಬ ಗೂಢಲಿಪಿಯ ರಕ್ಷಣೆ ಇದ್ದರೆ ದುರಸ್ತಿಯ ಹೊತ್ತಿಗೆ 48 ಅಂಕಿಗಳ ಕೀಲಿ ಕೇಳುತ್ತದೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮನೆಯವರಿಗೆ ಗೊತ್ತಿಲ್ಲದೆಯೂ ಇದು ಚಾಲೂ ಆಗಿರಬಹುದು. ಆ ಕೀಲಿ ಇಲ್ಲದೆ ಯಾವ ಅಂಗಡಿಯವರೂ ಫೈಲು ತೆಗೆದುಕೊಡಲಾರರು. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನಿನಿಂದಲೇ ಆ ಖಾತೆಗೆ ಹೋಗಿ ನೋಡಿ, ಒಂದು ಹಾಳೆಯಲ್ಲಿ ಬರೆದು ಪಹಣಿಯ ಜೊತೆ ಇಟ್ಟುಬಿಡಿ.

ಫೋನು ಕಲಿತ ಪಾಠ

ನೀವು ಇದನ್ನು ಓದುತ್ತಿರುವ ಫೋನೂ ಅಪ್‌ಡೇಟ್ ಆಗುತ್ತದೆ. ಅದು ಅರ್ಧಕ್ಕೆ ನಿಂತು ಸತ್ತ ಕಥೆ ಮೊದಲಿಗಿಂತ ಈಗ ಕಡಿಮೆ. 2016ರ ಆಂಡ್ರಾಯ್ಡ್ 7ರಿಂದ ಒಂದು ಏರ್ಪಾಡು ಬಂತು. ಆ ಏರ್ಪಾಡಿರುವ ಫೋನಿನಲ್ಲಿ ವ್ಯವಸ್ಥೆಗೆ ಎರಡು ಜಾಗ ಇರುತ್ತವೆ. ಒಂದರಲ್ಲಿ ಫೋನು ನಡೆಯುತ್ತಿರುವಾಗ ಇನ್ನೊಂದರಲ್ಲಿ ಹೊಸದು ಸಿದ್ಧವಾಗುತ್ತದೆ. ಮುಚ್ಚಿ ತೆರೆದಾಗ ಹೊಸದು ಏಳದಿದ್ದರೆ ಫೋನು ತಾನೇ ಹಳೆಯದಕ್ಕೆ ಮರಳುತ್ತದೆ. ಹೊಸ ಮನೆಗೆ ಸೂರು ಹಾಕುವ ತನಕ ಹಳೇ ಮನೆ ಕೆಡವದ ಬುದ್ಧಿ ಇದು. ವಿಂಡೋಸಿನಲ್ಲಿ ಇದರಷ್ಟು ಸಲೀಸಲ್ಲದಿದ್ದರೂ ಹಿಂತಿರುಗುವ ದಾರಿಗಳಿವೆ. ಗೊತ್ತಿರಬೇಕು ಅಷ್ಟೇ.

ಕೆಟ್ಟಾಗ ಏನು ಮಾಡಬೇಕು?

ಈ ಚರಿತ್ರೆಯಿಂದ ನಾವು ತೆಗೆದ ಕ್ರಮ ಹೀಗಿದೆ. ಇದು ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಕಾಯಿರಿ. ಹಳೇ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಅಪ್‌ಡೇಟ್ ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಚಾರ್ಜರ್ ಹಾಕಿಟ್ಟು ಹೊಲಕ್ಕೆ ಹೋಗಿ ಬನ್ನಿ.

ನಿಜಕ್ಕೂ ಏಳದಿದ್ದರೆ ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತು ಮತ್ತೆ ಹಚ್ಚಿ. ಒಂದರ ಹಿಂದೊಂದು ಎರಡು ಸಲ ಏಳಲಾಗದಿದ್ದರೆ ವಿಂಡೋಸ್ ತಾನಾಗಿ ದುರಸ್ತಿಯ ನೀಲಿ ಪುಟವನ್ನು ತೋರಿಸುತ್ತದೆ. ಅದನ್ನು ನೋಡಿ ಹೆದರಬೇಡಿ. ಅಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್ಡ್ ಆಪ್ಷನ್ಸ್'. ಮೊದಲು 'ಸ್ಟಾರ್ಟ್‌ಅಪ್ ರಿಪೇರ್' ಒತ್ತಿ. ಆಗದಿದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಒತ್ತಿ, ಕೊನೆಗೆ ಬಂದ ಅಪ್‌ಡೇಟನ್ನು ತೆಗೆಯಿರಿ. ಅದೂ ಆಗದಿದ್ದರೆ 'ಸಿಸ್ಟಂ ರಿಸ್ಟೋರ್'. ಈ ಮೂರೂ ನಿಮ್ಮ ಫೋಟೋ, ಲೆಕ್ಕಗಳನ್ನು ಮುಟ್ಟುವುದಿಲ್ಲ.

ಕಂಪ್ಯೂಟರು ಎದ್ದಿದೆ, ಆದರೆ ಹೊಸ ವಿಂಡೋಸ್ ಬಂದ ಮೇಲೆ ತೊಂದರೆ ಕೊಡುತ್ತಿದೆ ಅನ್ನಿ. ದೊಡ್ಡ ಅಪ್‌ಡೇಟ್ ಆದ 10 ದಿನದೊಳಗೆ ಸೆಟ್ಟಿಂಗಿನ 'ರಿಕವರಿ'ಯಲ್ಲಿ ಹಳೆಯದಕ್ಕೆ ಹಿಂತಿರುಗುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಆಮೇಲೆ ಹಳೇ ಫೈಲುಗಳನ್ನು ವಿಂಡೋಸ್ ಅಳಿಸಿಬಿಡುತ್ತದೆ.

ಕೊನೆಯದು 'ರಿಸೆಟ್'. ಅಲ್ಲಿ ಎರಡು ಆಯ್ಕೆ: 'ಕೀಪ್ ಮೈ ಫೈಲ್ಸ್' ಮತ್ತು 'ರಿಮೂವ್ ಎವರಿಥಿಂಗ್'. ಮೊದಲನೆಯದರಲ್ಲಿ ನಿಮ್ಮ ಫೈಲು ಉಳಿಯುತ್ತವೆ, ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ನುಡಿಯೂ ಹೋಗುತ್ತದೆ, ಮತ್ತೆ ಹಾಕಿಕೊಳ್ಳಬೇಕು. ಎರಡನೆಯದರಲ್ಲಿ ಎಲ್ಲವೂ ಹೋಗುತ್ತದೆ. ಗಾಬರಿಯಲ್ಲಿ ಒತ್ತುವ ಬೆರಳು ಎಡವುವುದು ಇಲ್ಲೇ.

ಅಪ್‌ಡೇಟೇ ಬೇಡ ಅಂದರೆ?

ಇಷ್ಟೆಲ್ಲ ಓದಿ 'ಅಪ್‌ಡೇಟನ್ನೇ ಬಂದ್ ಮಾಡಿಬಿಡೋಣ' ಅನಿಸಬಹುದು. ಅದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. 2017ರ ಮೇ 12ರಂದು 'ವಾನಾಕ್ರೈ' ಎಂಬ ದಾಳಿ ಶುರುವಾಯಿತು. ಅದು ಫೈಲುಗಳನ್ನೇ ಬೀಗ ಹಾಕಿ ದುಡ್ಡು ಕೇಳುತ್ತಿತ್ತು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಅದನ್ನು ತಡೆಯುವ ತಿದ್ದುಪಡಿ ಎರಡು ತಿಂಗಳು ಮೊದಲೇ, ಮಾರ್ಚ್ 14ಕ್ಕೆ ಬಂದಿತ್ತು. ಅಪ್‌ಡೇಟ್ ಕೆಟ್ಟರೆ ಫೈಲು ಸಾಮಾನ್ಯವಾಗಿ ಉಳಿಯುತ್ತದೆ. ಅಪ್‌ಡೇಟ್ ಮಾಡದೆ ಇಂಥದ್ದು ಬಂದರೆ ಹೋಗುವುದು ಫೈಲೇ.

ಈಗ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟುಗಳು ನಿಂತವು. ಮನೆ ಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಎಂದು ಕಂಪನಿ ಹೇಳಿದೆ. ವಿಂಡೋಸ್ 11 'ಟಿಪಿಎಂ 2.0' ಎಂಬ ಭದ್ರತಾ ಚಿಪ್ಪನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಎಸ್.ಪಿ. ರಸ್ತೆಯಿಂದ ಊರಿಗೆ ಬಂದ ಎಷ್ಟೋ ಲ್ಯಾಪ್‌ಟಾಪುಗಳು ಆ ಸಾಲಿಗೆ ಸೇರುವುದಿಲ್ಲ. ಅಂಥದ್ದಕ್ಕೆ ವಿಂಡೋಸ್ 11ನ್ನು ಅಡ್ಡದಾರಿಯಿಂದ ಹಾಕಿಕೊಡುವವರಿದ್ದಾರೆ. ಮುಂದಿನ ಅಪ್‌ಡೇಟ್ ಅದಕ್ಕೆ ಸಿಗುತ್ತದೆಂಬ ಭರವಸೆ ಇಲ್ಲ. ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸುವುದು ಇನ್ನೊಂದು ದಾರಿ. ಯೂನಿಕೋಡ್ ಕನ್ನಡ ಅದರಲ್ಲೂ ಚೆನ್ನಾಗಿ ನಡೆಯುತ್ತದೆ. ಯಾವುದನ್ನೇ ಮಾಡಿಸಿದರೂ ಮೊದಲು ಫೈಲುಗಳ ಇನ್ನೊಂದು ಪ್ರತಿ ತೆಗೆದಿಡಿ.

ಅಂಗಡಿಗೆ ಒಯ್ಯಲೇಬೇಕಾದರೆ ಕೌಂಟರಿನಲ್ಲಿ ಲ್ಯಾಪ್‌ಟಾಪು ಇಡುವಾಗಲೇ ಒಂದು ಮಾತು ಹೇಳಿ: 'ಅಣ್ಣಾ, ಮೊದಲು ಒಳಗಿರೋದನ್ನ ಬೇರೆ ಡಿಸ್ಕಿಗೆ ತೆಗೆದು ನನಗೆ ತೋರಿಸಿ, ಆಮೇಲೆ ಫಾರ್ಮ್ಯಾಟ್ ಮಾಡಿ.' ಡಿಸ್ಕಿಗೇ ಪೆಟ್ಟಾಗಿಲ್ಲದಿದ್ದರೆ, ಬಿಟ್‌ಲಾಕರ್ ಕೀಲಿ ನಿಮ್ಮ ಕೈಲಿದ್ದರೆ, ಕೆಲಸ ಬಲ್ಲವರಿಗೆ ಇದು ಕಷ್ಟವೇನಲ್ಲ. ಅದಕ್ಕೆ ನೂರಿನ್ನೂರು ಹೆಚ್ಚಿಗೆ ಕೇಳಿದರೂ ಕೊಡಿ.